ಗಂಟೆಯವರು, ಟ್ರಂಬೋನಿನವರು ಮತ್ತು ನಾನು

ನನ್ನ ಕೈಲಿ ಇದು ಆಗುವುದಿಲ್ಲ ಎಂದು ಮೊದಲು ಹೇಳಿದವನು ನನ್ನ ಒಡಹುಟ್ಟಿದ ಅಣ್ಣ. ಎರಡನೆಯವರು ಮಂಡ್ಯದ ಒಬ್ಬ ಸಂಗೀತದ ಮೇಷ್ಟ್ರು. ಮೂರನೆಯವರು ಯಾರೂ ಇಲ್ಲ, ಏಕೆಂದರೆ ಅಷ್ಟರಲ್ಲಿ ನಾನು ಕೇಳುವುದನ್ನು ಬಿಟ್ಟಿದ್ದೆ.

ನಮ್ಮಪ್ಪ ಗುತ್ತಲಿನಲ್ಲಿ ಮದುವೆ ಬ್ಯಾಂಡ್ ಸೆಟ್ ಇಟ್ಟಿದ್ದರು. ಡಿಜೆ ಬಂದ ಮೇಲೆ ಡ್ರಮ್ಮು, ಕ್ಲಾರಿನೆಟ್ಟು ಒಂದೊಂದಾಗಿ ಹೋದವು. ಅಪ್ಪನೂ ಹೋದರು. ಕೊನೆಗೆ ಅಣ್ಣನ ಮನೆಯ ಅಟ್ಟದ ಮೇಲೆ ಉಳಿದದ್ದು ನಾಲ್ಕು ಟ್ರಂಬೋನು. ಊದುತ್ತಾ ಊದುತ್ತಾ ಕೊಳವೆಯನ್ನು ಮುಂದಕ್ಕೆ ತಳ್ಳಿ ಹಿಂದಕ್ಕೆ ಎಳೆಯುತ್ತಾರಲ್ಲ, ಆ ಉದ್ದನೆಯ ಹಿತ್ತಾಳೆ ವಾದ್ಯ. ಅತ್ತಿಗೆಗೆ ಅಟ್ಟ ಬೇಕಿತ್ತು. ಅಣ್ಣ ಗುಜರಿಯವನನ್ನು ಕರೆಸಿದ. ನಾನು ಏಣಿಗೆ ಅಡ್ಡ ನಿಂತೆ. ಹಿತ್ತಾಳೆ ವಾದ್ಯಗಳಲ್ಲಿ ನಮ್ಮ ಹಾಡುಗಾರರ ಹಾಗೆ ಸ್ವರದಿಂದ ಸ್ವರಕ್ಕೆ ಜಾರಬಲ್ಲದ್ದು ಇದೊಂದೇ. ಇದಕ್ಕೆ ಕೀರ್ತನೆ ಕೂರಿಸುತ್ತೇನೆ, ಜೊತೆಗೆ ಕೈಗಂಟೆ ಸೇರಿಸುತ್ತೇನೆ, ಗುಡಿಗಳಲ್ಲಿ ನುಡಿಸುತ್ತೇವೆ ಎಂದೆ.

"ಏಳ್ನೇ ಕ್ಲಾಸೂ ಮುಗುಸ್ನಿಲ್ಲ, ಕೀರ್ತನೆ ಕೂರುಸ್ತಾಳಂತೆ," ಅಂದ ಅಣ್ಣ. "ಬರೋ ಯುಗಾದಿಗಂಟ ಬುಡ್ತೀನಿ ಕಣಮ್ಮಿ. ಯಾವ್ದಾದ್ರೂ ಒಂದ್ ಗುಡಿಯೋರು ವರ್ಸದ ಸೇವೆಗೆ ನಿಮ್ಮನ್ನ ಗೊತ್ತು ಮಾಡ್ಕಬೇಕು. ಇಲ್ದಿದ್ರೆ ನಾಕೂ ಗುಜ್ರಿಗೆ."

ಮೇಷ್ಟ್ರ ಹತ್ತಿರ ಹೋದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಟ್ರಂಬೋನಿನಲ್ಲಿ ಕೀರ್ತನೆಯೇ? ಬಚ್ಚಲ ಪೈಪಿನಲ್ಲಿ ತೀರ್ಥ ಕೊಟ್ಟ ಹಾಗಾಗುತ್ತದಮ್ಮ. ನಿನ್ನಿಂದ ಆಗದು."

ಅವತ್ತಿನಿಂದ ಈವತ್ತಿನವರೆಗೆ ನನಗೆ ನೆಟ್ಟಗೆ ನಡೆದ ಒಂದು ಕಾರ್ಯಕ್ರಮವೂ ನೆನಪಿಲ್ಲ.

ಸಾಲಿನ ಕೊನೆಯ ಸಹಿ

ಓದು ನಾನೇ ಕಲಿತದ್ದು. ಶಾಲೆ ಬಿಟ್ಟ ಮೇಲೆ ಬಸ್ಸಿನ ಬೋರ್ಡು, ಪಂಚಾಂಗ, ಆಮೇಲೆ ಲೈಬ್ರರಿ, ಹೀಗೆ ಕನ್ನಡವನ್ನು ಗಟ್ಟಿ ಮಾಡಿಕೊಂಡೆ. ಐದು ಗೆರೆಗಳ ಮೇಲೆ ಹುಣಸೆಬೀಜ ಚೆಲ್ಲಿದ ಹಾಗೆ ಬರೆಯುವ ಸಂಗೀತವನ್ನೂ ಹಾಗೇ ಕಲಿಯಬಹುದು ಅಂದುಕೊಂಡೆ. ಅಪ್ಪನ ಕಾಲದ ಒಬ್ಬ ಟ್ರಂಬೋನಿನವರು ಇನ್ನೂ ಇದ್ದರು. ಬಸ್ ಡ್ರೈವರ್ ಆಗಿ ರಿಟೈರ್ ಆದವರು, ನಾನು ಅವರನ್ನು ಚಿಕ್ಕಪ್ಪ ಅನ್ನುತ್ತೇನೆ. ಅವರು ಕೊಟ್ಟ ಪಾಠ ಇಷ್ಟೇ: "ಕೆಳೀಕಿಂದ ಮೇಲೀಕೆ ಎಣಿಸ್ಕಂಡ್ ಓಗು ಕಣವ್ವ, ಅಷ್ಟೇಯ."

ಆ ದಿನಗಳಲ್ಲಿ ಒಂದು ಚರ್ಚಿನ ಫಾದರ್ ನನಗೆ ಅವರ ಪ್ರಾರ್ಥನೆಯ ಹಾಡಿನ ಒಂದು ಝೆರಾಕ್ಸ್ ಹಾಳೆ ಕೊಟ್ಟು, ಇದನ್ನು ನಿಮ್ಮ ವಾದ್ಯಗಳಿಗೆ ಹೊಂದಿಸಿಕೊಂಡು ಬನ್ನಿ ಅಂದರು. ಅಕ್ಷರ ಒಂದೂ ಇರಲಿಲ್ಲ, ಬರೀ ಗೆರೆ, ಬೀಜ. ಪ್ರತಿ ಸಾಲಿನ ಕೊನೆಯಲ್ಲೂ ಒಂದು ಸುರುಳಿ ಗುರುತು ಇತ್ತು. ಬರೆದವರು ಸಾಲುಸಾಲಿಗೂ ಸಹಿ ಹಾಕಿದ್ದಾರೆ, ಜಾಗ್ರತೆಯ ಮನುಷ್ಯರು ಅಂದುಕೊಂಡೆ. ಊದಲು ಚಿಕ್ಕಪ್ಪ ಇನ್ನೂ ಮೂವರನ್ನು ಕರೆತಂದಿದ್ದರು; ನಾಲ್ಕು ಟ್ರಂಬೋನಿಗೂ ಪಾಲು ಮಾಡಿ ಅಭ್ಯಾಸ ಮಾಡಿಸಿದೆ.

ಚರ್ಚಿನಲ್ಲಿ ನುಡಿಸಿದಾಗ ಫಾದರ್ ಕಣ್ಣು ಒರೆಸಿಕೊಂಡರು. "ಎಷ್ಟು ಚೆನ್ನಾಗಿದೆಯಮ್ಮ! ಯಾರ ರಚನೆ ಇದು?"

"ನೀವೇ ಕೊಟ್ಟಿದ್ದಲ್ವ ಫಾದರ್?" ಎಂದು ಹಾಳೆ ತೋರಿಸಿದೆ.

ಅವರು ಅದನ್ನು ಈಸಿಕೊಂಡು, ನಿಧಾನವಾಗಿ, ನನಗೆ ನೋವಾಗಬಾರದು ಎನ್ನುವ ಹಾಗೆ, ತಿರುಗಿಸಿ ಕೊಟ್ಟರು. ಸಹಿಗಳೆಲ್ಲ ಸಾಲಿನ ಮೊದಲಿಗೆ ಬಂದವು. ನಾವು ಇಡೀ ಹಾಡನ್ನು ತಲೆಕೆಳಗಾಗಿ, ಕೊನೆಯಿಂದ ಮೊದಲಿಗೆ ನುಡಿಸಿದ್ದೆವು.

ಮನೆಗೆ ಬಂದು ಸರಿಯಾದ ದಿಕ್ಕಿನಲ್ಲೂ ಒಂದು ಸಲ ನುಡಿಸಿ ನೋಡಿದೆ. ಅಷ್ಟು ಚೆನ್ನಾಗಿರಲಿಲ್ಲ.

ಪಾತ್ರೆ ಅಂಗಡಿಯಲ್ಲಿ ಪೂಜೆ

ಕೈಗಂಟೆಯ ಕ್ರಮ ಹೀಗೆ: ಒಂದು ಗಂಟೆಗೆ ಒಂದೇ ಸ್ವರ. ಕೆಳಗಿನ ಸ ದಿಂದ ಮೇಲಿನ ಸ ವರೆಗೆ ಎಂಟು ಗಂಟೆ, ಎಂಟು ಜನ. ತಮ್ಮ ತಮ್ಮ ಸ್ವರ ಬಂದಾಗ ಅವರು ಅಲ್ಲಾಡಿಸಬೇಕು, ಉಳಿದ ಹೊತ್ತು ಸುಮ್ಮನಿರಬೇಕು. ಇಂಥ ಗಂಟೆಗಳನ್ನು ಪರದೇಶದಿಂದ ತರಿಸುತ್ತಾರಂತೆ. ನಾನು ಮದ್ದೂರಿನ ಹಿತ್ತಾಳೆ ಪಾತ್ರೆ ಅಂಗಡಿಗೆ ಹೋದೆ.

ಪೂಜೆ ಗಂಟೆಗಳನ್ನು ಒಂದೊಂದಾಗಿ ಎತ್ತಿ ಬಾರಿಸಿ, ಫೋನಿನಲ್ಲಿ ಶ್ರುತಿ ಇಟ್ಟುಕೊಂಡು ಕೇಳತೊಡಗಿದೆ. ಶ್ರುತಿ ಸ್ವಲ್ಪ ಏರಿದ ಗಂಟೆಯೇ ಬೇಕು. ಒಳಗಡೆ ಲೇತ್‌ನಲ್ಲಿ ಕೆರೆಸಿದರೆ ಇಳಿಯುತ್ತದೆ. ಇಳಿದದ್ದನ್ನು ಏರಿಸುವುದಕ್ಕೆ ಯಾವ ಲೇತ್‌ನವನಿಗೂ ಬರುವುದಿಲ್ಲ. ಅರ್ಧ ಗಂಟೆ ಬಾರಿಸಿರಬೇಕು. ಹಿಂತಿರುಗಿ ನೋಡಿದರೆ ಚಪ್ಪಲಿ ಕಳಚಿಟ್ಟು ಒಂದಷ್ಟು ಜನ ಕೈಮುಗಿದು ನಿಂತಿದ್ದಾರೆ. ಕುಕ್ಕರ್ ಕೊಳ್ಳಲು ಬಂದ ಗಂಡಹೆಂಡತಿ, ಮಾರ್ಕೆಟ್ಟಿಗೆ ಹೊರಟಿದ್ದ ಮುದುಕಿ, ಎದುರಿನ ಮೊಬೈಲ್ ಅಂಗಡಿಯವನು.

ಅಂಗಡಿಯವನು ನನ್ನ ಕಿವಿಯ ಹತ್ತಿರ ಬಂದ. "ಅಕ್ಕ, ಯಾಪಾರ ನಿಂತೋಯ್ತು. ಇವ್ರು ಓಯ್ತಾ ಇಲ್ಲ."

"ನಾನೇನ್ ಕರೆದ್ನಾ ಅವ್ರನ್ನ?"

"ಕರೀಲಿಲ್ಲ, ಆದ್ರೆ ನಿಲ್ಸಂಗೂ ಇಲ್ಲ. ಮಂಗ್ಳಾರತಿ ಆಗ್ದೆ ಎಂಗ್ ಓದಾರು?"

ಕೊನೆಗೆ ಅವನೇ ಮಾರಾಟದ ತಟ್ಟೆಯೊಂದನ್ನು ತೆಗೆದು ಕರ್ಪೂರ ಹಚ್ಚಿದ. ಎಲ್ಲರೂ ಕಣ್ಣಿಗೊತ್ತಿಕೊಂಡು ಹೋದರು. ಮುಂದಿನ ವಾರ ಉಳಿದ ಎರಡು ಗಂಟೆ ಕೊಳ್ಳಲು ಹೋದಾಗ ಆ ಮುದುಕಿ ಮೆಟ್ಟಿಲ ಮೇಲೆ ಹೂವಿನ ಪೊಟ್ಟಣ ಹಿಡಿದು ಕೂತಿದ್ದರು. "ಯಾಕವ್ವ ಇವತ್ತು ಇಷ್ಟೊತ್ತು ಮಾಡ್ಬುಟ್ಟೆ?" ಎಂದು ನನ್ನನ್ನೇ ಗದರಿದರು.

ಕೊಪ್ಪದ ಒಂದು ಮನೆಯ ಸಾರು

ಗಂಟೆ ಬಾರಿಸಲು ಕೊಪ್ಪದ ಭಜನೆ ಹೆಂಗಸರು ಒಪ್ಪಿದರು. ಸ್ವರ ಹಂಚುವಾಗ ಹಿರಿಯಾಕೆಯೊಬ್ಬರು ಮೇಲಿನ ಸ ತನಗೇ ಬೇಕು ಅಂದರು. "ಮೇಲ್ಗಡೇದು" ಎನ್ನುವುದೇ ಕಾರಣ. ಅವರ ಸೊಸೆಗೆ ಪ ಸಿಕ್ಕಿತು.

ಒಂದು ವಾರ ಸರಿಯಾಗಿ ನಡೆಯಿತು. ಎಂಟನೆಯ ದಿನ ಅತ್ತೆ ಗಂಟೆಯನ್ನು ಜಗಲಿಯ ಮೇಲೆ ಕುಕ್ಕಿದರು. "ಇವ್ಳು ಗಳಿಗ್ಗೊಂದ್ ಸಲ ಒಡೀತಾಳೆ. ನಂದು ಆಡಿಗೆಲ್ಲಾ ಸೇರಿ ನಾಕೇ ನಾಕು. ನಾನೇನ್ ಗಂಟೆ ಕಾಯಾಕ್ ಬಂದಿದ್ದೀನಾ?"

"ಹಾಡಿನಲ್ಲಿ ಮೇಲಿನ ಸ ಅಪರೂಪಕ್ಕೆ ಬರೋದಮ್ಮ. ಬೇಕಾದ್ರೆ ಸೊಸೆ ಜೊತೆ ಬದಲಾಯಿಸ್ಕೊಳಿ."

"ಮೇಲ್ಗಿಂದ ಕೆಳೀಕ್ ಇಳೀಲಾ? ಅವ್ಳ್ ಜಾಗಕ್ಕಾ?"

ರಾತ್ರಿಯೆಲ್ಲ ಕೂತು ಕೀರ್ತನೆ ತಿದ್ದಿದೆ. ಪ್ರತಿ ಸಾಲೂ ಮೇಲಿನ ಸ ಕ್ಕೆ ಹೋಗಿ ಮುಗಿಯುವ ಹಾಗೆ ಮಾಡಿದೆ. ಅತ್ತೆ ನಕ್ಕರು. ಆಗ ಸೊಸೆ ಎಣಿಸಿದಳು. ಗಂಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಹೋದಳು. ಎರಡು ದಿನ ಕಳೆದು ಅವಳ ಗಂಡ ಬೈಕಿನಲ್ಲಿ ಗುತ್ತಲಿಗೇ ಬಂದ.

"ಅಕ್ಕ, ನಿನ್ ಕಾಲ್ಗೆ ಬೀಳ್ತೀನಿ. ಇಬ್ರುಗೂ ಸಮ ಬರಂಗೆ ಮಾಡು. ಅವ್ವ ಮುದ್ದೆ ತೊಳುಸ್ತಾ ಇಲ್ಲ, ಇವ್ಳು ಸಾರು ಕಾಯುಸ್ತಾ ಇಲ್ಲ. ಎರಡ್ ದಿನದಿಂದ ಓಟ್ಲು."

ಸಮ ಮಾಡಿದೆ. ಆ ಕೀರ್ತನೆಯ ಚರಣದಲ್ಲಿ ಈಗ ಯಾವ ಕಾರಣವೂ ಇಲ್ಲದೆ ಮೇಲಿನ ಸ ಮತ್ತು ಪ ನಡುವೆ ಒಂದು ಓಡಾಟ ಬರುತ್ತದೆ. ಕೇಳಿದವರು ಅಲ್ಲಿ ಭಕ್ತಿ ಉಕ್ಕಿ ಬರುತ್ತದೆ ಅನ್ನುತ್ತಾರೆ. ಅಲ್ಲಿ ಉಕ್ಕುವುದು ಕೊಪ್ಪದ ಒಂದು ಮನೆಯ ಸಾರು.

ಹೊಸ್ತಿಲು ದಾಟಿದ ಕೊಳವೆ

ಮಳವಳ್ಳಿಯ ಒಂದು ಹಳೆಯ ಗುಡಿಯಲ್ಲಿ ಪರೀಕ್ಷೆಗೆ ನುಡಿಸಲು ಕರೆದರು. ವರ್ಷದ ಸೇವೆ ಸಿಗಬಹುದು ಎಂದು ಹೋದೆವು. ಮಂಟಪ ಇಕ್ಕಟ್ಟು. ಡ್ರೈವರ್ ಚಿಕ್ಕಪ್ಪ ಗರ್ಭಗುಡಿಯ ಬಾಗಿಲಿಗೆ ಎದುರಾಗಿ ನಿಂತರು. ಟ್ರಂಬೋನಿನಲ್ಲಿ ಸ್ವರ ಕೆಳಗಿಳಿದಷ್ಟೂ ಕೊಳವೆ ಮುಂದಕ್ಕೆ ಹೋಗುತ್ತದೆ. ಪಲ್ಲವಿಯಲ್ಲಿ ಕೆಳಗಿನ ಪ ಬಂತು. ಕೊಳವೆ ಹೊಸ್ತಿಲು ದಾಟಿ ಒಳಗೆ ಹೋಗಿ, ತುದಿಯಿಂದ ಉಸಿರಿನ ನೀರು ಒಂದು ಹನಿ ಬಿಟ್ಟು, ವಾಪಸ್ ಬಂತು.

"ನಿಲ್ಲಿಸಿ! ನಿಲ್ಲಿಸಿ!" ಎಂದು ಅರ್ಚಕರು ಕೈಯೆತ್ತಿದರು. "ಎಂಜಲು ಒಳಗೆ ಬಂತು!"

ನನಗೂ ಕೋಪ ಬಂತು. "ನಾಗಸ್ವರದವರು ಬಾಯಲ್ಲೇ ಊದೋದಲ್ವಾ ಸ್ವಾಮಿ? ಅವರದು ಎಂಜಲಲ್ವಾ?"

"ಊದಲಿ ತಾಯಿ. ಆದರೆ ನಾಗಸ್ವರ ನಿಂತ ಕಡೆ ನಿಂತಿರುತ್ತೆ. ನಿಮ್ಮದು ನೆಟ್ಟಗೆ ಒಳಗೇ ಬಂದು ಸ್ವಾಮಿಯನ್ನ ನೋಡ್ಕೊಂಡು ಹೋಗ್ತಿದೆ!"

ಮಾರನೆಯ ದಿನ ಟೇಪು ತಂದು ಬಾಗಿಲಿನಿಂದ ಕಂಬದವರೆಗೆ ಅಳೆದೆ. ಹಿಂದಕ್ಕೆ ನಿಲ್ಲೋಣವೆಂದರೆ ಕಂಬ ಅಡ್ಡ. ಆದ್ದರಿಂದ ಕೆಳಗಿನ ಪ ತೆಗೆದು ಮೇಲಿನ ಪ ಹಾಕಿದೆ. ಕೊಳವೆ ಹೊಸ್ತಿಲಿಗೆ ಗೇಣು ದೂರದಲ್ಲಿ ನಿಂತಿತು. ಅರ್ಚಕರು ಬಗ್ಗಿ ನೋಡಿ ಒಪ್ಪಿದರು. ವರ್ಷದ ಸೇವೆಯ ಮಾತೆತ್ತಿದೆ.

"ಈಗೇನೋ ಸರಿ. ಬೇಸಿಗೆಯಲ್ಲಿ ಹಿತ್ತಾಳೆ ಹಿಗ್ಗುತ್ತಲ್ಲ ತಾಯಿ?"

ಸೇವೆ ಸಿಗಲಿಲ್ಲ. ಹಬ್ಬಗಳಿಗೆ ಮಾತ್ರ ಕರೆಯುತ್ತಾರೆ. ಅವರು ನನ್ನ ಕೀರ್ತನೆಗಳನ್ನು ರಾಗದಿಂದ ಗುರುತಿಸುವುದೇ ಇಲ್ಲ. "ಆ ಎರಡಡಿಯದು ಬೇಡ, ಒಂದಡಿಯದು ನುಡಿಸಿ" ಅನ್ನುತ್ತಾರೆ.

ಧನುರ್ಮಾಸ

ಮಂಡ್ಯದ ಒಂದು ಗುಡಿಯಲ್ಲಿ ಧನುರ್ಮಾಸದ ಬೆಳಗಿನ ಪೂಜೆಗೆ ಹೇಳಿದರು. ಅಣ್ಣನೂ ಶಾಲು ಹೊದ್ದು ನೋಡಲು ಬಂದ. ನಮ್ಮವರು ಕೊಳವೆ ಸರಾಗವಾಗಿ ಜಾರಲಿ ಎಂದು ಹಿಂದಿನ ಸಂಜೆಯೇ ಕೊಬ್ಬರಿ ಎಣ್ಣೆ ಸವರಿ ಇಟ್ಟಿದ್ದರು. ಧನುರ್ಮಾಸದ ಬೆಳಗಿನ ಜಾವ ಕೊಬ್ಬರಿ ಎಣ್ಣೆ ಏನಾಗುತ್ತದೆ ಎನ್ನುವುದು ತಲೆಗೆ ಹಚ್ಚಿಕೊಳ್ಳುವ ಎಲ್ಲರಿಗೂ ಗೊತ್ತು. ನಾಲ್ಕು ಟ್ರಂಬೋನೂ ಕಲ್ಲಾಗಿದ್ದವು. ಎಳೆದರೆ ಬರಲಿಲ್ಲ, ತಳ್ಳಿದರೆ ಹೋಗಲಿಲ್ಲ.

ಹಿಂದುಗಡೆ ಪೊಂಗಲ್ ಒಲೆ ಉರಿಯುತ್ತಿತ್ತು. ನಾಲ್ಕನ್ನೂ ಅದರ ಸುತ್ತ ಒರಗಿಸಿದೆವು. ಕೊಬ್ಬರಿ ಎಣ್ಣೆ ಕರಗಿ ಸೋರಿ ಹೋಯಿತು. ಈಗ ಜಾರುವುದಕ್ಕೆ ಏನೂ ಇಲ್ಲ. ಅಡಿಗೆಯವರು ದಯೆ ತೋರಿಸಿ ಪೊಂಗಲ್ಲಿನ ತುಪ್ಪ ಕೊಟ್ಟರು. ಚಿಕ್ಕಪ್ಪ ಧಾರಾಳವಾಗಿ ಸವರಿದರು.

ಪಲ್ಲವಿ ಬೆಣ್ಣೆಯ ಹಾಗೆ ಹೋಯಿತು. ಅನುಪಲ್ಲವಿಯಲ್ಲಿ ತುಪ್ಪ ಹೆಪ್ಪುಗಟ್ಟತೊಡಗಿತು. ಚರಣದ ಹೊತ್ತಿಗೆ ನಾಲ್ವರೂ ಸಿಕ್ಕಿಕೊಂಡ ಒಂದೊಂದು ಸ್ವರವನ್ನೇ ಊದುತ್ತಾ, ಕಣ್ಣಿನಲ್ಲಿ ನನ್ನನ್ನು ಬೇಡಿಕೊಳ್ಳುತ್ತಾ ನಿಂತಿದ್ದರು. ಗುಡಿಯವರು ಪ್ರಸಾದ ಕೊಟ್ಟು ಕಳಿಸಿದರು. ಸೇವೆಯ ಮಾತೇ ಬರಲಿಲ್ಲ.

ಅಣ್ಣ ಒಂದು ಟ್ರಂಬೋನನ್ನು ಎತ್ತಿ ಮೂಸಿ ನೋಡಿದ. "ಬೇಜಾರ್ ಮಾಡ್ಕಬ್ಯಾಡ ಕಣಮ್ಮಿ. ಗುಜ್ರಿಯೋನು ತುಪ್ಪಾನೂ ಸೇರುಸ್ಕಂಡೇ ತೂಗ್ತಾನೆ."

ಮ ಮತ್ತು ನಿ

ಯುಗಾದಿಗೆ ವಾರವಿರುವಾಗ ಕಿರುಗಾವಲಿನ ಕಡೆಯ ಒಂದು ಗುಡಿಯಿಂದ ಕರೆ ಬಂತು. ಅವರಿಗೆ ವರ್ಷದ ಸೇವೆಗೆ ಯಾರಾದರೂ ಬೇಕಿತ್ತು. ಮೊದಲು ನಾವು, ಆಮೇಲೆ ಮಂಡ್ಯದ ಸಂಗೀತದ ಮೇಷ್ಟ್ರು; ಅದೇ, ತೀರ್ಥ ಮತ್ತು ಬಚ್ಚಲ ಪೈಪಿನವರು. ಇಬ್ಬರಲ್ಲಿ ಒಬ್ಬರನ್ನು ಆರಿಸುತ್ತಾರೆ. ಇದು ತಪ್ಪಿದರೆ ನನಗೆ ಬೇರೆ ಗುಡಿಯೂ ಇರಲಿಲ್ಲ, ದಿನವೂ ಇರಲಿಲ್ಲ. ಅಣ್ಣ ಗೂಡ್ಸ್ ಆಟೋ ಮಾಡಿಕೊಂಡೇ ಬಂದಿದ್ದ. "ಮತ್ತೆ ಮನೆಗಂಟ ಯಾಕೆ? ಇಲ್ಲಿಂದ ಅಂಗೇ ಗುಜ್ರಿಗೆ ಒಡುದ್ಬುಡಾನ."

ನಾನು ಶಂಕರಾಭರಣದ ಒಂದು ಕೀರ್ತನೆಯನ್ನು ತಿಂಗಳುಗಟ್ಟಲೆ ಕೂರಿಸಿದ್ದೆ. ಆ ರಾಗಕ್ಕೆ ಏಳೂ ಸ್ವರ ಬೇಕು. ಗುಡಿಯ ಮೆಟ್ಟಿಲು ಹತ್ತುತ್ತಿರುವಾಗ ಕೊಪ್ಪದಿಂದ ಫೋನು. ಮ ಮತ್ತು ನಿ ಗಂಟೆಯವರು ಒಂದೇ ಮನೆಯ ಓರಗಿತ್ತಿಯರು.

"ಅಕ್ಕ, ನಮ್ ಮಾವ್ನೋರ್ ದೊಡ್ಡಪ್ಪ ತೀರ್ಕಬುಟ್ರು ಕಣಕ್ಕ. ಅನ್ನೊಂದ್ ದಿನ ನಾವಿಬ್ರೂ ಗುಡಿಗ್ ಬರಂಗಿಲ್ಲ."

"ಅಯ್ಯೋ ಪಾಪ. ಆಯ್ತು ಕಣವ್ವ, ಎರಡು ಗಂಟೇನೂ ಯಾರ ಕೈಲಾದ್ರೂ ಕೊಟ್ಟು ಕಳ್ಸು."

"ಗಂಟೇನಾ? ಅವೂ ನಮ್ಮನೆ ನಡುಮನೇಲೇ ಅವೆ ಕಣಕ್ಕ. ಅವ್ಕೂ ಸೂತ್ಕ ಅಲ್ವಾ?"

ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆರು ಗಂಟೆ, ಐದೇ ಸ್ವರ. ಶಂಕರಾಭರಣದಲ್ಲಿ ಮ, ನಿ ತೆಗೆದರೆ ಅದು ಶಂಕರಾಭರಣವಾಗಿ ಉಳಿಯುವುದಿಲ್ಲ, ಮೋಹನ ಎನ್ನುವ ಬೇರೆಯೇ ರಾಗವಾಗುತ್ತದೆ. ಆದರೆ ಅದೂ ರಾಗವೇ ತಾನೆ ಎಂದು ಎದ್ದೆ. ಟ್ರಂಬೋನಿನವರಿಗೆ ಹೇಳಿದೆ: "ಗ ದಿಂದ ನೆಟ್ಟಗೆ ಪ ಕ್ಕೆ ಜಾರಿ. ದ ದಿಂದ ನೆಟ್ಟಗೆ ಮೇಲಿನ ಸ ಕ್ಕೆ. ನಡುವೆ ಎಲ್ಲೂ ನಿಲ್ಲಬೇಡಿ."

"ನಾನ್‌ಸ್ಟಾಪ್ ಗಾಡಿ ಅನ್ನು," ಅಂದರು ಚಿಕ್ಕಪ್ಪ. "ಮಂಡ್ಯ ಬುಟ್ರೆ ಮೈಸೂರೇ."

ಮೈಕಿನವನಿಗೆ ಹೇಳುವುದು ಮರೆತುಹೋಯಿತು. ಅವನು ಶಂಕರಾಭರಣ ಎಂದೇ ಕೂಗಿದ. ನಾವು ನುಡಿಸಿದೆವು. ನಾನೇ ಹೇಳಬೇಕು, ಅಷ್ಟು ಚೆನ್ನಾಗಿ ಹಿಂದೆಂದೂ ನುಡಿಸಿರಲಿಲ್ಲ. ಮುಗಿಯುತ್ತಿದ್ದ ಹಾಗೆ ಮೇಷ್ಟ್ರು ಎದ್ದು ನಿಂತರು.

"ಇದೇನಮ್ಮ ಶಂಕರಾಭರಣ? ಮ ಎಲ್ಲಿ? ನಿ ಎಲ್ಲಿ?"

ಇದ್ದದ್ದನ್ನೇ ಮೈಕಿನಲ್ಲಿ ಹೇಳಿದೆ. "ಮ ಮತ್ತು ನಿ ಸೂತಕದಲ್ಲಿವೆ ಸ್ವಾಮಿ."

ಸಮಿತಿಯ ಅಧ್ಯಕ್ಷರು, ಅವರು ಭತ್ತದ ಗದ್ದೆಯವರು, ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದರು. "ಅದೇನ್ ಮೇಷ್ಟ್ರೇ ಇಂಗ್ ಕೇಳ್ತೀರಿ? ಸೂತ್ಕದ ಸ್ವರಾನ ಗುಡಿ ಒಳೀಕೆ ತರಾಕಾಯ್ತದಾ?"

"ಸ್ವರಕ್ಕೆ ಸೂತಕ ಯಾವ ಶಾಸ್ತ್ರದಲ್ಲಿದೆ?" ಎಂದು ಮೇಷ್ಟ್ರು ಕಿರುಚಿದರು.

ಎಲ್ಲರೂ ಅಲ್ಲಿಯ ಅರ್ಚಕರ ಕಡೆ ತಿರುಗಿದರು. ಅವರು ಮಂಗಳಾರತಿ ತಟ್ಟೆ ಕೆಳಗಿಟ್ಟರು. "ಇದೆ ಅಂತ ನಾನು ಓದಿಲ್ಲ," ಅಂದರು. "ಇಲ್ಲ ಅಂತಲೂ ಓದಿಲ್ಲ."

"ಕೇಳುದ್ರಾ?" ಅಂದರು ಅಧ್ಯಕ್ಷರು. "ಈ ಯವ್ವ ಸಾಸ್ತ್ರ ತಿಳ್ದೋಳು. ಓಗ್ಲಿ ಬುಡಿ. ಈಗ ನೀವು ಆಡಿ ಮೇಷ್ಟ್ರೇ. ಆದ್ರೆ ನೀವೂ ಆ ಎರಡನ್ನ ಬುಟ್ಬುಡಿ."

ಮೇಷ್ಟ್ರು ಕೂತು ಹಾಡಿದರು. ಆ ಎರಡು ಸ್ವರ ಬೇಕೇ ಬೇಕಾದ ಕೀರ್ತನೆಗಳನ್ನೇ ಅವರು ಸಿದ್ಧ ಮಾಡಿಕೊಂಡು ಬಂದಿದ್ದರು. ಮ ಹತ್ತಿರ ಬಂದಾಗಲೆಲ್ಲ ಮುಂದಿನ ಸಾಲಿನ ಹೆಂಗಸರು ಅವರ ಬಾಯಿಯನ್ನೇ ನೋಡುತ್ತಿದ್ದರು. ಹಣೆಯಿಂದ ಬೆವರು ಇಳಿಯುತ್ತಿತ್ತು. ಒಂದು ಸಲ ತಪ್ಪಿ ನಿ ಬಂದೇಬಿಟ್ಟಿತು. ಅಧ್ಯಕ್ಷರು ಜೋರಾಗಿ ಕೆಮ್ಮಿದರು. ಅರ್ಚಕರು ತಡಬಡಿಸಿ ಎದ್ದು ಬಂದು ಮೇಷ್ಟ್ರ ತಲೆಯ ಮೇಲೆ ತೀರ್ಥ ಚಿಮುಕಿಸಿದರು.

"ಪಾಪ," ಅಂದರು ಡ್ರೈವರ್ ಚಿಕ್ಕಪ್ಪ ನನ್ನ ಪಕ್ಕದಲ್ಲಿ, "ಮೇಷ್ಟ್ರುಗೆ ಬ್ರೇಕ್ ಇಡೀತಿಲ್ಲ."

ವರ್ಷದ ಸೇವೆ ನಮಗೇ ಆಯಿತು. ಅಣ್ಣ ಹೊರಗೆ ಆಟೋಗೆ ಒರಗಿ ನಿಂತಿದ್ದ. ನಾಲ್ಕೂ ಟ್ರಂಬೋನನ್ನು ಒಂದು ಸಲ ಎಣಿಸಿದ. ಆಮೇಲೆ ಕೇಳಿದ: "ಸರಿ ಕಣಮ್ಮಿ, ಈ ಆಟೋ ಬಾಡ್ಗೆ ಯಾರ್ ಕೊಡೋರು?"

"ತಂದೋನು," ಅಂದೆ. ನಾಲ್ಕನ್ನೂ ಅದೇ ಆಟೋದಲ್ಲಿ ಹೇರಿಸಿ ಮನೆಗೆ ತಂದೆ.

ಈಗ ನನ್ನದು ಎಂದು ಹೇಳಿಕೊಳ್ಳಲು ಇರುವುದು ಆ ನಾಲ್ಕು ಟ್ರಂಬೋನು, ಎಂಟು ಕೈಗಂಟೆ, ಗುತ್ತಲಿನಲ್ಲಿ ಶೀಟು ಹಾಕಿದ ಒಂದು ಅಭ್ಯಾಸದ ಕೋಣೆ, ಅದರ ಬೀಗದ ಕೈ. ಇಷ್ಟಕ್ಕೆ ಅಮ್ಮ ಕೊಟ್ಟ ಎರಡೆಳೆ ಸರ ಹೋಯಿತು, ಅಣ್ಣನ ಮನೆಯ ಹಬ್ಬದೂಟ ಹೋಯಿತು, ಟ್ರಂಬೋನಿನ ಪಕ್ಕ ಕೂತು ಕೂತು ಎಡಗಿವಿ ಮುಕ್ಕಾಲು ಪಾಲು ಹೋಯಿತು. ಅಣ್ಣ ಈಗಲೂ ಆಗಾಗ ಬಂದು ಬುದ್ಧಿ ಹೇಳುತ್ತಾನೆ. ನಾನು ಎಡಗಿವಿಯನ್ನು ಅವನ ಕಡೆ ಇಟ್ಟುಕೊಂಡು ಕೂರುತ್ತೇನೆ.